ಸಹಾಯ ಬೇಕು: ದೇವಿಮನೆ ಘಟ್ಟದಲ್ಲಿ ಎಲೆಕ್ಟ್ರಿಕ್ ಕಾರು ಓಡಿಸುವವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಮ್ಮನೆ ಶಿರಸಿ ಹತ್ತಿರ. ವಾರಕ್ಕೆ ಎರಡು ಸಲ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗಿ ಬರಬೇಕು, ಪ್ರತಿ ಸಲ ಸುಮಾರು 120 ಕಿಲೋಮೀಟರ್. ಹಳೇ ಕಾರಿನ ಪೆಟ್ರೋಲಿಗೇ ತಿಂಗಳಿಗೆ ಏಳು ಸಾವಿರ ಹೋಗುತ್ತಿದೆ. ಹಾಗಾಗಿ 24 ಯೂನಿಟ್ ಬ್ಯಾಟರಿಯ ಟಿಯಾಗೊ ಇವಿ ನೋಡುತ್ತಿದ್ದೇನೆ. ಎಲೆಕ್ಟ್ರಿಕ್ ಕಾರಿಗೆ ಜಿಎಸ್‌ಟಿ ಶೇ 5 ಮಾತ್ರ. ಆದರೂ ಅದೇ ಗಾತ್ರದ ಪೆಟ್ರೋಲ್ ಕಾರಿಗಿಂತ ಬೆಲೆ ಜಾಸ್ತಿಯೇ. ಎಷ್ಟು ವರ್ಷಕ್ಕೆ ಅಸಲು ಹುಟ್ಟುತ್ತದೆ ಅನ್ನೋದೇ ನನ್ನ ಚಿಂತೆ.

ಘಟ್ಟ ಇಳಿಯುವಾಗ ಸ್ವಲ್ಪ ಚಾರ್ಜ್ ಬ್ಯಾಟರಿಗೆ ವಾಪಸ್ ಬರುತ್ತದೆ, ಸರಿ. ಆದರೆ ಸಂಜೆ ವಾಪಸ್ ಹತ್ತಬೇಕಲ್ವಾ? ಮಳೆಗಾಲದಲ್ಲಿ ಎಸಿ, ಲೈಟು, ವೈಪರ್ ಹಾಕಿಕೊಂಡು, ನಾಲ್ಕು ಜನ ಕೂತು ಹತ್ತಿದರೆ ನಿಜವಾಗಿ ಎಷ್ಟು ಶೇಕಡಾ ಇಳಿಯುತ್ತದೆ? ಕಂಪನಿ ಹೇಳುವ ಲೆಕ್ಕ ಬೇಡ, ನಿಮ್ಮ ಮೀಟರಿನಲ್ಲಿ ಕಂಡದ್ದು ಹೇಳಿ.

ಇನ್ನೊಂದು, ಕರೆಂಟು. 15 ಆಂಪಿಯರ್ ಪ್ಲಗ್ಗಿನಲ್ಲಿ ಪೂರ್ತಿ ಚಾರ್ಜಿಗೆ ಎಂಟೊಂಬತ್ತು ತಾಸು ಬೇಕು. ನಮ್ಮೂರಿನ ಮಳೆಗಾಲ ನಿಮಗೇ ಗೊತ್ತು. ಹೋದ ಆಷಾಢದಲ್ಲಿ ಲೈನಿನ ಮೇಲೆ ಮರ ಬಿದ್ದು ಮೂರು ದಿನ ಕರೆಂಟಿರಲಿಲ್ಲ. ಆಯಿಯ ಫೋನನ್ನು ಈ ಪೆಟ್ರೋಲ್ ಕಾರಿನಲ್ಲೇ ಚಾರ್ಜ್ ಮಾಡಿದ್ದೆ. ಆಯಿಗೆ 78 ವರ್ಷ, ರಾತ್ರಿ ಹುಬ್ಬಳ್ಳಿಗೆ ಕರೆದೊಯ್ಯಬೇಕಾಗಿ ಬಂದರೆ ಅಂತ ಹೆದರಿಕೆ.

ಹಳ್ಳಿಮನೆಯಲ್ಲಿ ಕಾರು ಚಾರ್ಜ್ ಮಾಡಲೆಂದು ಅರ್ಥಿಂಗ್ ಹೊಸದಾಗಿ ಮಾಡಿಸಿದವರು ಖರ್ಚು ಎಷ್ಟಾಯಿತು ತಿಳಿಸಿ. ಯಾರಾದರೂ ಒಂದು ದಿನ ತಮ್ಮ ಕಾರಿನಲ್ಲಿ ನನ್ನನ್ನೂ ಕೂರಿಸಿಕೊಂಡು ಘಟ್ಟ ಹತ್ತಿಸಿದರೆ ದೊಡ್ಡ ಉಪಕಾರ. ದೀಪಾವಳಿಯೊಳಗೆ ಬುಕ್ ಮಾಡಬೇಕು ಅಂತಿದ್ದೇನೆ.