ಗನ್ನರ್‌ಸೈಡ್ ಗಿಲ್‌ನ ಗುಡ್ಡದಲ್ಲಿರುವ ಕೊರಕಲುಗಳು ಹೇಗೆ ಉಂಟಾದವು?

ಪ್ರಶ್ನೆ:
ಇಂಗ್ಲೆಂಡಿನ ಯಾರ್ಕ್‌ಷೈರ್ ಡೇಲ್ಸ್‌ನ ಸ್ವೇಲ್‌ಡೇಲ್‌ನಲ್ಲಿರುವ ಈ ಕಣಿವೆಯ ಪೂರ್ವದ ಗುಡ್ಡವನ್ನು ಮೇಲಿನಿಂದ ಕೆಳಕ್ಕೆ ಸೀಳಿರುವ ಆಳವಾದ ಕೊರಕಲುಗಳು ಮಳೆನೀರಿನಿಂದ ಉಂಟಾದವೇ, ಅಥವಾ ಸೀಸದ ಗಣಿಗಾರಿಕೆಯಿಂದಲೇ? ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ಕೊರೆದದ್ದು ನೀರೇ ಹೌದು, ಆದರೆ ಅದನ್ನು ಹರಿಸಿದವರು ಗಣಿಗಾರರು. ಗುಡ್ಡದ ಮೇಲ್ಭಾಗದಲ್ಲಿ ಹುಲ್ಲುಹೆಂಟೆಗಳ ಒಡ್ಡು ಕಟ್ಟಿ, ತುಂಬಿದ ನೀರನ್ನು ಒಮ್ಮೆಲೇ ಬಿಟ್ಟಾಗ ಮೇಲ್ಮಣ್ಣು ಕೊಚ್ಚಿಹೋಗಿ ಗೆಲೀನಾ ಎಂಬ ಸೀಸದ ಅದಿರಿನ ಪದರ ಹೊರಬೀಳುತ್ತಿತ್ತು. ಬಳಿಕ ಗುದ್ದಲಿಯಿಂದ ಅಗೆದು, ಮತ್ತೆ ನೀರು ಹರಿಸಿ ಕಸವನ್ನು ತೊಳೆಯುತ್ತಿದ್ದರು. ಅಲ್ಲಿನವರು ಇಂತಹ ಕೊರಕಲನ್ನು ‘ಹಷ್’ ಎನ್ನುತ್ತಾರೆ. ಬಂಟನ್, ಫ್ರೈಯರ್‌ಫೋಲ್ಡ್ ಮತ್ತು ಗಾರ್ಟನ್ ಹಷ್‌ಗಳು ಅಲ್ಲಿ ಪ್ರಸಿದ್ಧ.

ಉತ್ತರ 2:
ಮೇಲಿನ ವಿವರಣೆಗೆ ಒಂದು ಮಾತು ಸೇರಿಸುತ್ತೇನೆ. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಗ್ಗದ ವಿದೇಶಿ ಸೀಸದಿಂದಾಗಿ ಈ ಗಣಿಗಳು ಮುಚ್ಚಿ, ಅನೇಕ ಕುಟುಂಬಗಳು ಊರು ಬಿಟ್ಟವು. ಆದರೂ ಸೀಸ ಬೆರೆತ ತ್ಯಾಜ್ಯದ ರಾಶಿಗಳ ಮೇಲೆ ಇಂದಿಗೂ ಸಾಮಾನ್ಯ ಹುಲ್ಲು ಸರಿಯಾಗಿ ಬೆಳೆಯುವುದಿಲ್ಲ. ಆ ವಿಷವನ್ನು ತಾಳಬಲ್ಲ, ಬಿಳಿ ಹೂವಿನ ಸ್ಪ್ರಿಂಗ್ ಸ್ಯಾಂಡ್‌ವರ್ಟ್‌ನಂತಹ ಕೆಲವು ಗಿಡಗಳು ಮಾತ್ರ ಅಲ್ಲಿ ಚೆನ್ನಾಗಿ ಹಬ್ಬುತ್ತವೆ. ಆದ್ದರಿಂದ ಆ ರಾಶಿಗಳನ್ನು ಬರಿಯ ಕಸವೆಂದು ತೆರವುಗೊಳಿಸುವುದು ಸರಿಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.