ಊರೂರು ಸುತ್ತುವ ಉತ್ಸವಕ್ಕೆ ‘ತಿರುಗಾಟ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಒಂದು ಕರಪತ್ರದ ಕನ್ನಡ ತಿದ್ದುತ್ತಾ ಕೂತಿದ್ದೇನೆ. ನಮ್ಮ ಯಕ್ಷಗಾನ, ದೊಡ್ಡಾಟ, ಬಂಗಾಳದ ಜಾತ್ರಾ, ಮಹಾರಾಷ್ಟ್ರದ ತಮಾಷಾ, ಈ ತಂಡಗಳೆಲ್ಲ ಒಟ್ಟಿಗೆ ಹೊರಡುತ್ತವೆ. ಒಂದೊಂದು ಊರಲ್ಲಿ ಎರಡು ದಿನ ಆಡಿ ಮುಂದಿನ ಊರಿಗೆ ಹೋಗುತ್ತವೆ. ಇದಕ್ಕೆ ಏನನ್ನಬೇಕು? ಕರಡಿನಲ್ಲಿ ‘ಸಂಚಾರಿ ಜನಪದ ರಂಗಮೇಳ’ ಅಂತಿದೆ. ಓದಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ.

ಮೊದಲು ‘ಮೇಳ’. ನಾನು ಕುಂದಾಪುರದ ಕಡೆಯವಳು. ನಮಗೆ ಮೇಳ ಅಂದರೆ ಯಕ್ಷಗಾನದ ತಂಡ. ಮಂದಾರ್ತಿ ಮೇಳ, ಕಟೀಲು ಮೇಳ, ಧರ್ಮಸ್ಥಳ ಮೇಳ. ಹಾಡುವ ಭಾಗವತರು, ಬಾರಿಸುವವರು ಹಿಮ್ಮೇಳ, ವೇಷ ಕಟ್ಟುವವರು ಮುಮ್ಮೇಳ. ಮನೆಗೆ ಕರಪತ್ರ ತೋರಿಸಿದರೆ ಅಮ್ಮ ಕೇಳಿದ ಮೊದಲ ಮಾತು, “ಇದು ಹೊಸ ಮೇಳವಾ? ಭಾಗವತರು ಯಾರು?” ಅಮ್ಮನ ತಪ್ಪಿಲ್ಲ. ಪುಸ್ತಕ ಮೇಳ, ಉದ್ಯೋಗ ಮೇಳ, ಕೃಷಿ ಮೇಳದಲ್ಲಿರುವ ‘ಜನ ಸೇರುವ ಸಂತೆ’ಯ ಅರ್ಥ ಅವರಿಗೆ ಪೇಪರಿನಲ್ಲಿ ಓದಿ ಗೊತ್ತು. ಆಟದ ಮಾತು ಬಂದಾಗ ಮಾತ್ರ ಮೇಳ ಅಂದರೆ ತಂಡವೇ. ಇದು ಬರೀ ಕರಾವಳಿಯ ಅರ್ಥವೂ ಅಲ್ಲ. ಬಡಗಣ ಕರ್ನಾಟಕದಲ್ಲಿ ಗೀಗೀ ಪದ ಹಾಡುವವರ ಗೀಗೀ ಮೇಳ ಇದೆ. ತಮಿಳುನಾಡಿನ ಮೆಲಟ್ಟೂರಿನಲ್ಲಿ ಭಾಗವತ ಮೇಳ ಇದೆ. ಹಾಗಿರುವಾಗ ಜನಪದ ಆಟಗಳ ಕರಪತ್ರದಲ್ಲೇ ಆ ಪದವನ್ನು ಬೇರೆ ಅರ್ಥಕ್ಕೆ ಬಳಸಿದರೆ ಆಟ ಬಲ್ಲವರಿಗೇ ಗೊಂದಲ, ಅಲ್ವಾ?

‘ಸಂಚಾರಿ’ಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸಂಚಾರಿ ಗ್ರಂಥಾಲಯ, ಸಂಚಾರಿ ಪೊಲೀಸ್ ಕೇಳಿ ಕೇಳಿ ಆ ಪದದ ಹಿಂದೆ ಒಂದು ವಾಹನ ಕಾಣುತ್ತದೆ. ಆಟ ಕಾಣುವುದಿಲ್ಲ.

ನನ್ನ ಮನಸ್ಸು ಹೋಗುವುದು ‘ತಿರುಗಾಟ’ದ ಕಡೆಗೆ. ದೀಪಾವಳಿ ಕಳೆದ ಮೇಲೆ ಮೇಳಗಳು ಒಂದೊಂದಾಗಿ ದೇವಸ್ಥಾನದಲ್ಲಿ ಸೇವೆಯಾಟ ಆಡಿ ಹೊರಡುತ್ತವೆ. ರಾತ್ರಿಗೊಂದು ಊರು. ಮೇ ಕೊನೆಯ ಹೊತ್ತಿಗೆ, ತುಳುನಾಡಿನಲ್ಲಿ ಪತ್ತನಾಜೆ ಅನ್ನುವ ದಿನಕ್ಕೆ, ಗೆಜ್ಜೆ ಬಿಚ್ಚುತ್ತಾರೆ. ಇಷ್ಟೂ ಸೇರಿ ಒಂದು ತಿರುಗಾಟ. ಕಲಾವಿದರು ತಮ್ಮ ವರ್ಷಗಳನ್ನು ಎಣಿಸುವುದೂ ಅದರಲ್ಲೇ. “ಆ ಮೇಳದಲ್ಲಿ ಎರಡು ತಿರುಗಾಟ, ಆಮೇಲೆ ಇಲ್ಲಿ ಐದು” ಅನ್ನುತ್ತಾರೆ. ಹೊರಡುವುದು, ಆಡುವುದು, ಮರಳುವುದು ಮೂರೂ ಆ ಒಂದು ಪದದಲ್ಲಿವೆ. ಇಂಥ ಪದ ಕೈಯಲ್ಲೇ ಇರುವಾಗ ಬೇರೆ ಯಾಕೆ ಹುಡುಕಬೇಕು ಅನ್ನಿಸುತ್ತದೆ.

ಪದ ಘಟ್ಟದ ಮೇಲೂ ಇದೆ. ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂನವರು 1985ರಲ್ಲಿ ಊರೂರಿಗೆ ನಾಟಕ ಒಯ್ಯುವ ತಂಡ ಕಟ್ಟಿದಾಗ ಅದಕ್ಕೆ ‘ತಿರುಗಾಟ’ ಅಂತಲೇ ಹೆಸರಿಟ್ಟರು. ಕಂಪನಿ ನಾಟಕದವರ ಮಾತು ಬೇರೆ. ಅವರದು ‘ಕ್ಯಾಂಪ್’. ಒಂದೇ ಊರಲ್ಲಿ ಥಿಯೇಟರ್ ಹಾಕಿ ತಿಂಗಳುಗಟ್ಟಲೆ ಇರುವವರಿಗೆ ಅದು ಸರಿ. ಎರಡು ದಿನಕ್ಕೆ ಗಂಟು ಕಟ್ಟುವವರಿಗೆ ಹೊಂದುವುದಿಲ್ಲ.

ವ್ಯಾಕರಣದ ಒಂದು ಸಣ್ಣ ಮಾತು. ಓಡಾಟ, ಹುಡುಕಾಟ, ಅಲೆದಾಟದ ಹಾಗೆ ಇಲ್ಲಿಯೂ ‘ಆಟ’ ಬರೀ ಪ್ರತ್ಯಯದಂತೆ ನಿಂತಿದೆ. ಮಾಡಿದ್ದನ್ನೇ ಮತ್ತೆ ಮತ್ತೆ ಮಾಡುವುದು ಅಂತ ಅದರ ಅರ್ಥ. ಆದರೆ ನಮ್ಮೂರಲ್ಲಿ “ಇವತ್ತು ಎಲ್ಲಿ ಆಟ?” ಅಂದರೆ ಯಕ್ಷಗಾನವೇ. ಹಾಗಾಗಿ ನನ್ನ ಕಿವಿಗೆ ತಿರುಗಾಟ ಅಂದರೆ ತಿರುಗುವ ಆಟ. ಚಿಕ್ಕಂದಿನಿಂದ ಹಾಗೇ ಕೇಳಿಸಿದೆ.

ಅಡ್ಡಿ ಬಂದದ್ದು ಮೈಸೂರಿನಲ್ಲಿ. ಇಲ್ಲಿನ ಗೆಳತಿಗೆ ‘ಜನಪದ ರಂಗ ತಿರುಗಾಟ’ ಅಂತ ಓದಿ ಹೇಳಿದೆ. “ತಿರುಗಾಟ ಅಂದ್ರೆ ಸುಮ್ನೆ ಅಲೆಯೋದು ಅಲ್ವಾ?” ಅಂದಳು. ಬದಲಿಗೆ ಅವಳು ಕೊಟ್ಟ ಪದ ‘ಉತ್ಸವ’. ಕಾರ್ಯಕ್ರಮ ಅನ್ನುವ ಈಗಿನ ಅರ್ಥ ಅವಳ ಮನಸ್ಸಿನಲ್ಲಿರಲಿಲ್ಲ. ಅವಳ ಬೀದಿಯಲ್ಲಿ “ಉತ್ಸವ ಬಂತು, ಆರತಿ ತಟ್ಟೆ ತನ್ನಿ” ಅನ್ನುತ್ತಾರಂತೆ. ದೇವರು ಗುಡಿಯಿಂದ ಹೊರಟು ಮನೆ ಬಾಗಿಲಿಗೆ ಬರುವುದೇ ಉತ್ಸವ. ಆ ಅರ್ಥದಲ್ಲಿ ಉತ್ಸವ ತಾನಾಗಿಯೇ ಸುತ್ತುತ್ತದೆ. ಇದು ನನಗೆ ಹೊಳೆದೇ ಇರಲಿಲ್ಲ, ಕೇಳಿ ಬಹಳ ಖುಷಿಯಾಯಿತು.

ಬಂಗಾಳದವರ ‘ಜಾತ್ರಾ’, ನಮ್ಮ ‘ಜಾತ್ರೆ’ ಎರಡೂ ‘ಯಾತ್ರಾ’ದಿಂದಲೇ ಬಂದವು. ಅಲ್ಲಿ ಅದು ನಾಟಕವಾಯಿತು, ಇಲ್ಲಿ ಜನ ಸೇರುವ ದಿನವಾಯಿತು. ಹೋಗುವುದಕ್ಕೂ ಆಡುವುದಕ್ಕೂ ಸೇರುವುದಕ್ಕೂ ಹಳೆಯ ನಂಟು ಇರುವಂತಿದೆ.

ಈಗ ನನ್ನ ಪ್ರಶ್ನೆಗಳು. ಧಾರವಾಡ, ಬಾಗಲಕೋಟೆ, ಬಳ್ಳಾರಿ ಕಡೆ ‘ತಿರುಗಾಟ’ ಅಂದರೆ ಮೊದಲು ಏನು ಹೊಳೆಯುತ್ತದೆ? ಸಣ್ಣಾಟ, ಶ್ರೀಕೃಷ್ಣ ಪಾರಿಜಾತದ ಆಟದ ತಂಡಗಳು ಊರಿಂದೂರಿಗೆ ಹೋಗುವುದಕ್ಕೆ ನಿಮ್ಮಲ್ಲಿ ಬೇರೆ ಮಾತಿದೆಯೇ? ಮೂಡಲಪಾಯ ಯಕ್ಷಗಾನದವರು ಏನನ್ನುತ್ತಾರೆ? ‘ಮೇಳ’ ಅಂದಾಗ ನಿಮಗೆ ತಂಡ ಕಾಣುತ್ತದೋ, ಸಂತೆಯೋ? ನಿಘಂಟಿನ ಅರ್ಥಕ್ಕಿಂತ ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಕೇಳಿದ್ದನ್ನು ಬರೆದರೆ ನನಗೆ ಹೆಚ್ಚು ಉಪಕಾರ. ಕರಪತ್ರ ಇನ್ನೂ ಅಚ್ಚಿಗೆ ಹೋಗಿಲ್ಲ. ಸದ್ಯಕ್ಕೆ ‘ಮೇಳ’ ಹೊಡೆದುಹಾಕಿ, ಆ ಜಾಗದಲ್ಲಿ ಪೆನ್ಸಿಲ್ಲಿನಲ್ಲಿ ‘ತಿರುಗಾಟ’ ಅಂತ ಬರೆದಿಟ್ಟಿದ್ದೇನೆ.