ಮಾರ್ಕೋನಹಳ್ಳಿ ಸೈಫನ್ನು: ತೂಬು ಅನ್ನೋದಾ, ಕೋಡಿ ಅನ್ನೋದಾ?

ಎಲ್ರಿಗೂ ನಮಸ್ಕಾರ. ನಾನು ಕುಣಿಗಲ್ ಕಡೆಯವನು, ಮಾರ್ಕೋನಹಳ್ಳಿ ಡ್ಯಾಮಿನ ಕಟ್ಟಡದ ಬಗ್ಗೆ ಕನ್ನಡದಲ್ಲಿ ಬರೀತಾ ಇದೀನಿ, ಏರಿ ಕಾಲುವೆ ಅಚ್ಚುಕಟ್ಟು ಇವೆಲ್ಲಾ ಸಲೀಸಾಗಿ ಬಂತು, ಸೈಫನ್, ಅಂದ್ರೆ ಡ್ಯಾಮು ತುಂಬಿದಾಗ ಹೆಚ್ಚಾದ ನೀರನ್ನ ತಾನಾಗೇ ಹೊರಗೆ ಎಳೆಯೋ ಕೊಳವೆ, ಅದರ ಹತ್ರ ಬಂದಾಗ ಮಾತ್ರ ಪದ ಸಿಗ್ತಿಲ್ಲ. ಪೇಪರ್‌ನೋರು ಪ್ರತಿ ಮಳೆಗಾಲಕ್ಕೂ "ಸ್ವಯಂಚಾಲಿತ ಸೈಫನ್" ಅಂತಲೇ ಬರೀತಾರೆ.

ನಮ್ಮ ಹಳೇ ಕೆರೆಗಳಲ್ಲಿ ನೀರು ಹೊರಗೆ ಹೋಗೋಕೆ ಎರಡು ದಾರಿ, ಎರಡಕ್ಕೂ ಬೇರೆ ಬೇರೆ ಹೆಸರು. ತೂಬು ಅಂದ್ರೆ ಮನುಷ್ಯ ಎತ್ತಿದ್ರೆ ಮಾತ್ರ ನೀರು ಬಿಡೋದು. ಏರಿ ಒಳಮೈಗೆ, ನೀರೊಳಗೆ ಎರಡು ಕಲ್ಲುಕಂಬ ನಿಲ್ಲಿಸಿ, ಮಧ್ಯೆ ತೂತು ಕೊರೆದ ಅಡ್ಡಕಲ್ಲುಗಳನ್ನ ಕೂರಿಸಿ, ಆ ತೂತಲ್ಲಿ ಕೋಲು ಇಳಿಸಿ, ಕೋಲಿನ ತುದಿಯ ಬೆಣೆ ಕೆಳಗಿರೋ ಕಲ್ಲಿನ ಕಂಡಿನ ಮುಚ್ಚೋ ಹಾಗೆ ಮಾಡಿರ್ತಾರೆ, ನೀರುಗಂಟಿ ಅದನ್ನ ಎತ್ತಿದ್ರೆ ನೀರು ಏರಿ ಅಡಿಯ ಕಲ್ಲುಗಾಲುವೆಲಿ ಹಾದು ಗದ್ದೆಗೆ. ಎಷ್ಟೋ ಕಡೆ ಮೇಲಿನ ಅಡ್ಡಕಲ್ಲಲ್ಲಿ ಗಜಲಕ್ಷ್ಮಿ ಕೆತ್ತಿರ್ತಾರೆ, ನೀರು ಬಿಡೋ ಜಾಗಕ್ಕೆ ಅಷ್ಟು ಮರ್ಯಾದೆ ಕೊಟ್ಟಿರೋದು ನೋಡಿದ್ರೆ ಮನಸ್ಸು ತುಂಬತ್ತೆ. ಕೋಡಿ ಹಾಗಲ್ಲ, ಕೆರೆ ತುಂಬಿದ್ಮೇಲೆ ತಾನಾಗೇ ಹರಿಯೋದು.

ಈಗ ಸೈಫನ್ನಿಗೆ ಬರ್ತೀನಿ. ಮಾರ್ಕೋನಹಳ್ಳಿ ಡ್ಯಾಮು ಶಿಂಷಾ ನದಿಗೆ ಕಟ್ಟಿರೋದು, ಮಧ್ಯೆ ಕಲ್ಲುಗಾರೆ, ಆಚೀಚೆ ಉದ್ದಕ್ಕೂ ಮಣ್ಣಿನ ಏರಿ. ನೀರು ಗೊತ್ತಾದ ಮಟ್ಟ ದಾಟಿದ್ರೆ ಯಾರೂ ಮುಟ್ಟದೇನೇ ಸೈಫನ್ನು ಎಳೆಯೋಕೆ ಶುರು ಮಾಡತ್ತೆ. ಇದೇ ತತ್ವನ ದೊಡ್ಡದಾಗಿ ಮಾಡಿದ್ದು ಶರಾವತಿ ನದಿಯ ಹಿರೇಭಾಸ್ಕರ ಡ್ಯಾಮಲ್ಲಿ, ಮೈಸೂರಿನ ಎಂಜಿನಿಯರ್ ಗಣೇಶ ಅಯ್ಯರ್ ಅವರ ವಿನ್ಯಾಸ: ಆಲಿಕೆ ಥರದ ಬಾಯಿ, ಅದರ ಮೇಲೆ ಗುಮ್ಮಟ, ಬಾಯಿ ಒಳಗೆ ಸುರುಳಿ ಸುರುಳಿ ರೆಕ್ಕೆಗಳು, ಅಂಚು ದಾಟಿದ ನೀರು ಸುತ್ತುತ್ತಾ ಇಳಿದು ಗುಮ್ಮಟದ ಒಳಗಿನ ಗಾಳಿನ ಎಳ್ಕೊಂಡು ಹೋಗತ್ತೆ, ಗಾಳಿ ಖಾಲಿ ಆದ್ಮೇಲೆ ಪೈಪು ತುಂಬ ನೀರು ರಭಸವಾಗಿ ಹೊರಡತ್ತೆ, ಮಟ್ಟ ಇಳಿದು ಗಾಳಿ ಒಳಗೆ ನುಗ್ಗಿದ್ರೆ ತಾನೇ ನಿಲ್ಲತ್ತೆ. ಆ ಡ್ಯಾಮು ಲಿಂಗನಮಕ್ಕಿ ಹಿನ್ನೀರಲ್ಲಿ ಮುಳುಗಿದೆ, ನೀರು ತೀರಾ ಇಳಿದಾಗ ಸೈಫನ್ ಬಾಯಿಗಳು ಕಾಣ್ತವೆ.

ಆಕಾರ ನೋಡಿದ್ರೆ ಇದು ತೂಬಿನ ಜಾತಿ, ಯಾಕಂದ್ರೆ ನೀರು ಕೊಳವೆ ಒಳಗೇ ಹೋಗತ್ತೆ. ಕೆಲಸ ನೋಡಿದ್ರೆ ಪೂರ್ತಿ ಕೋಡಿ. ನನ್ನ ಪ್ರಕಾರ ಕೆಲಸವೇ ಮುಖ್ಯ ಆಗ್ಬೇಕು, ಹಾಗಾಗಿ "ಸೈಫನ್ ಕೋಡಿ" ಅಂದ್ರೆ ಸರಿ ಹೋಗತ್ತೆ, "ಸ್ವಯಂಚಾಲಿತ" ಅನ್ನೋದು ಬೇಕಾಗೇ ಇಲ್ಲ, ಕೋಡಿ ಅಂದ್ಮೇಲೆ ಅದು ತಾನಾಗೇ ಹರಿಯೋದು ತಾನೆ. ನನ್ನ ಸ್ನೇಹಿತರೊಬ್ರು ಇದಕ್ಕೆ ಒಪ್ಪಲ್ಲ, ಕೋಡಿ ಅಂದ್ರೆ ಬಯಲಲ್ಲಿ ಕಣ್ಣಿಗೆ ಕಾಣೋ ಹಾಗೆ ಹರೀಬೇಕು, ಕಣ್ಣೀರ ಕೋಡಿ ಅಂತೀವಲ್ಲ, ಹಾಗೆ ಅಂತಾರೆ. ಅದರಲ್ಲೂ ನ್ಯಾಯ ಇದೆ.

ಅಮೃತೂರು, ಯಡಿಯೂರು, ನಾಗಮಂಗಲ ಕಡೆಯವರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ, ಡ್ಯಾಮು ತುಂಬಿದಾಗ ನಿಮ್ಮ ಮನೇಲಿ ಹಿರಿಯರು "ಕೋಡಿ ಬಿತ್ತು" ಅಂತಿದ್ರಾ, "ಸೈಫನ್ ಬಿತ್ತು" ಅಂತಿದ್ರಾ? ಮೇಲಿನ ಗುಮ್ಮಟಕ್ಕೆ ಬೇರೆ ಹೆಸರೇನಾದ್ರೂ ಇತ್ತಾ? ಇನ್ನು ಕೋಲಾರ, ಮುಳಬಾಗಿಲು ಕಡೆಯವರು, ತೆಲುಗು ಮನೆಮಾತಿನೋರು ತೂಬಿಗೆ "ತೂಮು" ಅಂತಾರಲ್ಲ, ಅದು ಕಂಬ ಇರೋ ಇಡೀ ಕಟ್ಟಡಕ್ಕಾ ಅಥವಾ ಬರೀ ಆ ಕಂಡಿಗಾ, ಅದನ್ನೂ ತಿಳಿಸಿ.